ಸುಟ್ಟ ತಟ್ಟೆಯ ಹಿಂದೆ ಬರೆದ ಹೆಸರು

ಮೊನ್ನೆ ಮೆಣಸೆಯಲ್ಲಿ ನಿಮ್ಮ ಅತ್ತೆಯ ಮನೆಯ ಪೂಜೆಗೆ ಹೋಗಿದ್ದೆವಲ್ಲ, ಅಲ್ಲಿ ಊಟಕ್ಕೆ ಅಡಿಕೆ ಹಾಳೆಯ ತಟ್ಟೆ ಕೊಟ್ಟಿದ್ದರು. ಬಿಸಿ ಸಾರು ಬಿದ್ದ ಕೂಡಲೇ ಆ ವಾಸನೆ ಎದ್ದಿತು... ಒದ್ದೆ ಹಾಳೆ ಕಾದ ಕಬ್ಬಿಣಕ್ಕೆ ತಾಗಿದಾಗ ಬರುವ ವಾಸನೆ. ತಟ್ಟೆಯ ಅಂಚಿನಲ್ಲಿ ಒಂದು ಕಪ್ಪು ಕಲೆಯೂ ಇತ್ತು. ನನಗರಿವಿಲ್ಲದೆ ತಟ್ಟೆ ಎತ್ತಿ ಅದರ ಅಡಿ ನೋಡಿದೆ. ಸಾರು ಸೀರೆಯ ಮೇಲೆ ಚೆಲ್ಲಿತು. "ಎಂತ ಹುಡುಕ್ತೀಯ ಅಜ್ಜಿ, ರೇಟಾ?" ಎಂದು ನೀವೆಲ್ಲ ನಕ್ಕಿರಿ. ನಾನು ಹುಡುಕಿದ್ದು ಹೆಸರನ್ನು. ಬಾಯಲ್ಲಿ ಹೇಳಲು ನನಗೆ ಯಾವತ್ತೂ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಹೋದಾಗ ನಿಮ್ಮ ಅಪ್ಪ ಮೂರನೇ ಕ್ಲಾಸು. ನರಸಿಂಹರಾಜಪುರದಿಂದ ಶೆಟ್ಟಿಕೊಪ್ಪಕ್ಕೆ ಹೋಗುವ ದಾರಿಯಲ್ಲಿ ಹಾಳೆ ತಟ್ಟೆ ಮಾಡುವ ಶೆಡ್ ಒಂದಿತ್ತು, ಅಲ್ಲಿ ಸೇರಿದೆ. ನಾವು ಎಂಟು ಹೆಂಗಸರು. ನೆನೆಸಿದ ಹಾಳೆಯನ್ನು ಕಾದ ಅಚ್ಚಿನ ಮೇಲಿಟ್ಟು ಪೆಡಲ್ ತುಳಿದರೆ ಮೇಲಿನ ಅಚ್ಚು ಇಳಿದು ಒತ್ತುತ್ತದೆ. ಕಾಲು ತೆಗೆದರೆ ಏಳುತ್ತದೆ, ತಟ್ಟೆ ತೆಗೆಯಬೇಕು. ಕಾವು ಹೆಚ್ಚಾದರೆ ತಟ್ಟೆ ಕರಟುತ್ತದೆ. ಇಷ್ಟೇ ಕೆಲಸ.

ಶೆಡ್ ನೋಡಿಕೊಳ್ಳುತ್ತಿದ್ದವರು ಯಜಮಾನರ ಹೆಂಡತಿಯ ಕಡೆಯವರೊಬ್ಬರು. ನಾವು ಮೇನೇಜರ್ರು ಅನ್ನುತ್ತಿದ್ದೆವು. ಒಂದು ದಿನವೂ ಅಚ್ಚಿನ ಮುಂದೆ ನಿಂತವರಲ್ಲ. ಗದರುವವರೂ ಅಲ್ಲ, ಮೆಲುದನಿ. ಆದರೆ ಅವರದೊಂದು ಕಟ್ಟಳೆಯಿತ್ತು. ಯಾರ ಕೈಯಲ್ಲಿ ತಟ್ಟೆ ಕರಟಿತೋ ಅದರ ಹಿಂದೆ ಅವಳ ಹೆಸರು ಬರೆಯಬೇಕು. ಮಧ್ಯಾಹ್ನ ಅವಳು ಎಲ್ಲರ ನಡುವೆ ಕೂತು, ಬುತ್ತಿಯ ಅನ್ನವನ್ನು ಆ ತಟ್ಟೆಗೇ ಸುರಿದುಕೊಂಡು ಉಣ್ಣಬೇಕು. "ಅವರವರು ಮಾಡಿದ್ದು ಅವರವರೇ ಉಣ್ಣೋದು, ಅಲ್ದಾ ಮಾರಾಯ್ತಿ?" ಎಂದು ನಗುತ್ತಿದ್ದರು.

ನಾನು ಏಳನೇ ಕ್ಲಾಸು ಓದಿದ್ದೆ, ಅಕ್ಷರ ದುಂಡಗಿತ್ತು. ತಟ್ಟೆ ಎಣಿಸಿ ಹೆಸರು ಬರೆಯುವ ಕೆಲಸ ನನಗೆ ಬಂತು. ಅದರ ಜೊತೆಗೆ ಒಂದು ಪ್ಲಾಸ್ಟಿಕ್ ಕುರ್ಚಿಯೂ. ಉಳಿದ ಏಳು ಜನ ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರುತ್ತಿದ್ದರು.

ಅವರಲ್ಲೊಬ್ಬಳು ಕಡಹಿನಬೈಲಿನವಳು. ನಾನು ಸೇರಿದ ವಾರವೇ ಸೇರಿದವಳು. ನನಗೆ ದಿನಾ ಮಿಡಿ ಉಪ್ಪಿನಕಾಯಿ ತರುತ್ತಿದ್ದಳು. ಅವಳ ಮೆಷಿನ್ನಿನ ಕಾವಿನ ಸ್ವಿಚ್ಚು ಕೆಟ್ಟಿತ್ತು, ಎಷ್ಟು ತಿರುಗಿಸಿದರೂ ಕಾವು ಇಳಿಯುತ್ತಿರಲಿಲ್ಲ. ಮೇನೇಜರ್ರಿಗೆ ಎರಡು ಸಲ ಹೇಳಿದಳು. ಮೂರನೇ ಸಲ ಹೇಳಿದಾಗ ಅವರು ಫ್ಲಾಸ್ಕಿನಿಂದ ಚಾ ಬಗ್ಗಿಸಿಕೊಳ್ಳುತ್ತ ಅಂದರು: "ಸ್ವಿಚ್ ಹಾಕಕ್ಕೆ ಶಿವಮೊಗ್ಗದಿಂದ ಜನ ಬರ್ಬೇಕು. ನಿನ್ನ ಜಾಗಕ್ಕೆ ಶೆಟ್ಟಿಕೊಪ್ಪದಿಂದ್ಲೇ ಹತ್ತು ಜನ ಬರ್ತಾರೆ."

"ಹತ್ತು ಜನ ಬಂದ್ರೂ ಮೆಷಿನ್ ಅದೇ ಅಲ್ದಾ ಸಾರ್?" ಅಂದಳು.

ಎಲ್ಲರೂ ನಕ್ಕೆವು. ಮೇನೇಜರ್ರೂ ನಕ್ಕರು. ಆಮೇಲೆ ಆ ಮೆಷಿನ್ನಿನ ಮುಂದೆ ಅವಳನ್ನು ಬಿಟ್ಟು ಬೇರೆ ಯಾರನ್ನೂ ನಿಲ್ಲಿಸಲಿಲ್ಲ.

ದಿನವೂ ಅವಳ ತಟ್ಟೆ ಕರಟಿತು. ದಿನವೂ ನಾನು ಬರೆದೆ. ಮೊದಮೊದಲು, "ಮದ್ವೆ ಮನೇಲೂ ನಂಗೆ ಹೆಸರು ಬರ್ದ ತಟ್ಟೆ ಸಿಕ್ಕಿರ್ಲಿಲ್ಲ ಮಾರಾಯ್ತಿ" ಎಂದು ತಮಾಷೆ ಮಾಡುತ್ತಿದ್ದಳು. ಒಂದು ತಿಂಗಳಾದ ಮೇಲೆ ತಮಾಷೆ ನಿಂತಿತು. ಉಪ್ಪಿನಕಾಯಿಯೂ ನಿಂತಿತು. ಅಚ್ಚು ಪೂರ್ತಿ ಏಳುವುದರೊಳಗೆ ಕೈ ತೂರಿಸಿ ತಟ್ಟೆ ಎಳೆಯುವುದನ್ನು ರೂಢಿ ಮಾಡಿಕೊಂಡಳು. ಹಾಗೆ ಎಳೆದರೆ ನಾಲ್ಕರಲ್ಲಿ ಒಂದಾದರೂ ಬೆಳ್ಳಗೆ ಬರುತ್ತಿತ್ತು. ಬೇಡವೇ ಅಂದೆ. "ಕರಟಿದ್ರಲ್ಲಿ ಉಂಡೂ ಉಂಡೂ ಅನ್ನದ ರುಚಿನೇ ಮರ್ತುಹೋಗಿದೆ. ನಿಂಗೆಂತ, ಕೂತಿದ್ದೀಯ" ಅಂದಳು.

ಒಂದು ದಿನ ಕೊಪ್ಪದಿಂದ ಯಜಮಾನರು ಬಂದರು. ಕರಟಿದ ತಟ್ಟೆಗಳ ರಾಶಿ ನೋಡಿ, "ಇಷ್ಟು ಯಾಕೆ ಸುಡ್ತಿದೆ?" ಎಂದು ಕೇಳಿದರು. ಮೇನೇಜರ್ರು ನನ್ನ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟರು. "ಹೇಳು ಮಾರಾಯ್ತಿ. ಓದಿದವಳು ನೀನು."

ಮೆಷಿನ್ ಕೆಟ್ಟಿದೆ ಅನ್ನಬೇಕಿತ್ತು. ಎರಡೇ ಮಾತು. ನನಗೆ ಮನೆ ನೆನಪಾಯಿತು, ನಿಮ್ಮ ಅಪ್ಪ ನೆನಪಾದ... ಸುಳ್ಳೇಕೆ, ಕುರ್ಚಿಯೂ ನೆನಪಾಯಿತು. "ಅವಳ ಕೈ ಚುರುಕಿಲ್ಲ" ಅಂದೆ.

ಅವಳು ಒದ್ದೆ ಹಾಳೆ ಹಿಡಿದು ಅಲ್ಲೇ ನಿಂತಿದ್ದಳು. ಆವತ್ತಿನಿಂದ ಕೈಯನ್ನು ಇನ್ನೂ ಚುರುಕು ಮಾಡಿದಳು.

ನಾಲ್ಕನೇ ದಿನ ಒದ್ದೆ ನೆಲದಲ್ಲಿ ಅವಳ ಕಾಲು ಪೆಡಲ್ ಮೇಲೆ ಜಾರಿತು. ಕೈ ಒಳಗಿತ್ತು. ಮೊದಲು ಬಂದದ್ದು ಕೂಗಲ್ಲ, ವಾಸನೆ... ಹಾಳೆಯ ವಾಸನೆ, ಅದರ ಜೊತೆ ಇನ್ನೊಂದು. ನಾಲ್ಕು ಬೆರಳು ಹೋದವು. ಆಟೋದಲ್ಲಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದರು. ಗೇಟಿನವರೆಗೆ ಓಡಿದ್ದವರನ್ನು ಮೇನೇಜರ್ರು ಅದೇ ಮೆಲುದನಿಯಲ್ಲಿ ಕರೆದರು. "ಎಂತ ನೋಡ್ತಿದ್ದೀರಿ? ಹಾಳೆ ಒಣಗ್ತದೆ, ಬನ್ನಿ."

ಆಮೇಲೆ ಅವಳ ಅಚ್ಚಿನಲ್ಲಿ ಉಳಿದಿದ್ದ ತಟ್ಟೆಯನ್ನು ಕೋಲಿನಿಂದ ಎಬ್ಬಿಸಿ ತಂದರು. ಅದು ಇದ್ದಿಲಾಗಿತ್ತು. ನನ್ನ ತೊಡೆಯ ಮೇಲಿಟ್ಟು "ಬರಿ" ಅಂದರು.

ಬರೆದೆ. ಅಕ್ಷರ ಒಂದಿಷ್ಟೂ ಅಲುಗಲಿಲ್ಲ.

ಮಾರನೆಯ ದಿನ ಶಿವಮೊಗ್ಗದಿಂದ ಜನ ಬಂದು ಸ್ವಿಚ್ಚು ಬದಲಾಯಿಸಿದರು. ಒಂದು ಲೋಟ ಚಾ ಆರುವಷ್ಟು ಹೊತ್ತಿನ ಕೆಲಸ.

ನಾನು ಅಲ್ಲಿ ಇನ್ನೂ ಆರು ವರ್ಷ ದುಡಿದೆ. ನಿಮ್ಮ ಅಪ್ಪ ಓದಿದ್ದು ಅದರಲ್ಲೇ. ಅವಳನ್ನು ಒಮ್ಮೆ ಬಾಳೆಹೊನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಂಡೆ. ಬಲಗೈ ಸೆರಗಿನೊಳಗಿತ್ತು. ನನ್ನನ್ನು ನೋಡಿ, ಪಕ್ಕದಲ್ಲಿಟ್ಟಿದ್ದ ಚೀಲವನ್ನು ಎಡಗೈಯಲ್ಲಿ ತೆಗೆದು ಬೆಂಚಿನಲ್ಲಿ ಜಾಗ ಮಾಡಿದಳು. "ಕೂರು ಮಾರಾಯ್ತಿ. ನಿಂಗೆ ನಿಂತು ಅಭ್ಯಾಸ ಇಲ್ಲ" ಅಂದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ನಾನು ಕೂರಲಿಲ್ಲ. ಅವಳ ಬಸ್ಸು ಬಂತು. ಹೋದ ವರ್ಷ ತೀರಿಕೊಂಡಳಂತೆ, ಯಾರೋ ಹೇಳಿದರು.

ಮೇನೇಜರ್ರು ಈಗಲೂ ಕೊಪ್ಪದ ಪೇಟೆಯಲ್ಲಿ ಸಿಗುತ್ತಾರೆ. ಕೈ ಮುಗಿಯುತ್ತಾರೆ. ನಾನೂ ಮುಗಿಯುತ್ತೇನೆ, ಹತ್ತೂ ಬೆರಳು ಜೋಡಿಸಿ.

ಮೆಣಸೆಯ ಆ ತಟ್ಟೆಯ ಅಡಿಯಲ್ಲಿ ಏನೂ ಇರಲಿಲ್ಲ. ಮಕ್ಕಳೇ, ಇಷ್ಟೆಲ್ಲ ಬರೆದೂ ಅವಳ ಹೆಸರೇ ಹೇಳಲಿಲ್ಲವಲ್ಲ ಅನ್ನುತ್ತೀರಿ. ಹೇಳುವುದಿಲ್ಲ. ಆ ಹೆಸರನ್ನು ನಾನು ಬರೆದದ್ದು ಸಾಕು.