ಜೇನು ತಂದವನು ಗೊತ್ತಿಲ್ಲವೆಂದೆ

ಸಿಂಧು, ಚೇತನ — ನಿಮ್ಮ ಅಜ್ಜಿ ಒಬ್ಬ ಒಳ್ಳೆಯ ಮನುಷ್ಯನ ಕೈ ಮುರಿಸಿದವಳು. ದೊಣ್ಣೆ ಹಿಡಿದದ್ದು ನಾನಲ್ಲ. ಆದರೆ ನಾನು ಒಂದು ಮಾತು ಆಡಿದ್ದರೆ ಆ ದೊಣ್ಣೆ ಕೆಳಗಿಳಿಯುತ್ತಿತ್ತು. ಆ ಮಾತು ಆಡಲಿಲ್ಲ. ಆಡಿದ್ದು ಬೇರೆ ಮಾತು.

ಸಿಂಧು, ನೀನು ಚಿಕ್ಕವಳಿದ್ದಾಗ ಮಕ್ಕಳ ಕಳ್ಳನೊಬ್ಬ ನಿನ್ನನ್ನು ಎತ್ತಿಕೊಂಡು ಹೋಗಲು ಬಂದಿದ್ದ, ನಿಮ್ಮಪ್ಪ ಹಿಡಿದು ಬಡಿದು ನಿನ್ನನ್ನು ಉಳಿಸಿಕೊಂಡ — ಈ ಕಥೆಯನ್ನು ನಮ್ಮ ಮನೆಯಲ್ಲಿ ಎಷ್ಟು ಸಲ ಹೇಳಿದ್ದಾರೋ. ಪ್ರತಿ ಸಲವೂ ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ. ಅವನು ಕಳ್ಳನಲ್ಲ. ನನ್ನನ್ನು ಹುಡುಕಿಕೊಂಡು ಬಂದವನು.

ನಾನು ಮುಳಬಾಗಿಲು ಕಡೆಯವಳು. ಮನೆಯ ಹಿಂದೆಯೇ ಗುಡ್ಡ. ಊರ ಶಾಲೆ ಬಿಟ್ಟ ಮೇಲೆ ಆಡು ಹೊಡೆದುಕೊಂಡು ಅಲ್ಲೇ ಬೆಳೆದೆ. ಮದುವೆಯಾಗಿ ಕೆ.ಆರ್. ಪುರಕ್ಕೆ ಬಂದ ಮೇಲೆ ಕಾಲಿಗೆ ಏರು ಸಿಕ್ಕಲೇ ಇಲ್ಲ. ನಿಮ್ಮ ತಾತ ತೀರಿಕೊಂಡ ಮರುವರ್ಷ, ಒಂದು ದಿನ ಕೋಲಾರದ ಬೆಟ್ಟಕ್ಕೆ ಹೋಗಿ ಬರುತ್ತೇನೆ ಎಂದು ನಿಮ್ಮಪ್ಪನನ್ನು ಕೇಳಿದೆ. "ಗಂಡ ಇಲ್ದಿರೋ ಹೆಂಗಸು ಒಬ್ಳೇ ಬೆಟ್ಟ ಸುತ್ತೋದಾ? ಜನ ಏನಂತಾರಮ್ಮ?" ಅಂದ. ನಾನು ಎದುರಾಡುವವಳಲ್ಲ. ಸುಳ್ಳು ಹೇಳುವುದನ್ನು ಕಲಿತೆ. ಹಲಸೂರಿನ ದೇವಸ್ಥಾನದಲ್ಲಿ ಭಜನೆ ಎಂದು ಹೇಳಿ ಭಾನುವಾರ ಬೆಳಿಗ್ಗೆ ಹೊರಡುತ್ತಿದ್ದೆ. ಹತ್ತುತ್ತಿದ್ದದ್ದು ಕೋಲಾರದ ಬಸ್ಸು.

ಮಳೆ ಕಳೆದು ಆಕಾಶ ತೊಳೆದಿಟ್ಟ ಹಾಗಿದ್ದ ಕಾಲ. ಅಂತರಗಂಗೆಯ ಮೆಟ್ಟಿಲು ದಾಟಿ ಬಂಡೆಗಳ ನಡುವೆ ಮೇಲಿನ ಹಳ್ಳಿಯ ತನಕ ಒಬ್ಬಳೇ ನಡೆಯುತ್ತಿದ್ದೆ. ಆಡು ಕಾಯುವ ಹೆಂಗಸು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಎಲೆಅಡಿಕೆ ಕೊಡುತ್ತಿದ್ದಳು. ಕಾಲೇಜು ಹುಡುಗರು ಕೈ ಕೊಟ್ಟು ಬಂಡೆ ಹತ್ತಿಸಿ, "ತಿನ್ನಿ ಅಜ್ಜಿ, ನಮ್ಮಮ್ಮ ಮಾಡಿದ್ದು" ಎಂದು ಪುಳಿಯೋಗರೆ ಇಟ್ಟರು. ಅಲ್ಲಿ ಯಾರೂ ನನ್ನ ಬರಿ ಹಣೆ ನೋಡಿ ಮುಖ ತಿರುಗಿಸಲಿಲ್ಲ. ಆ ಸುಖ — ಹೇಗೆ ಬರೆಯಲಿ.

ಮುರುಗೇಶ ಸಿಕ್ಕಿದ್ದು ಅಲ್ಲೇ. ಹಲಸೂರಿನಲ್ಲಿ ಮಿಲಿಟರಿಯವರಿಗೆ ಯೂನಿಫಾರಂ ಹೊಲಿಯುವ ಟೈಲರ್. ವಾರವೆಲ್ಲ ಮಷೀನಿನ ಮುಂದೆ ಕೂತು ಸೊಂಟ ಹಿಡಿಯುತ್ತದೆಂದು ಭಾನುವಾರ ಬೆಟ್ಟ ಹತ್ತುತ್ತಿದ್ದ.

"ಏನಮ್ಮಾ, ಒಬ್ರೇ ಬಂದ್ಬಿಟ್ರಾ? ಕೋತಿ ಭಯ ಇಲ್ವಾ?"

"ಕೋತಿಗಿಂತ ನಮ್ಮನೆ ಜನರ ಭಯಾನೇ ಜಾಸ್ತಿ" ಎಂದೆ. ಅವನು ನಕ್ಕ. ನಾನೂ ನಕ್ಕೆ — ಎಷ್ಟೋ ದಿನಕ್ಕೆ.

ಆಮೇಲೆ ಒಂದೆರಡು ಭಾನುವಾರ ಜೊತೆಯಲ್ಲೇ ಇಳಿದೆವು. ಹೆಸರು ಕೇಳಿದ. ಪರಗಂಡಸಿಗೆ ಹೆಸರು ಹೇಳಿ ನನಗೆ ಅಭ್ಯಾಸವಿಲ್ಲ. ನಮ್ಮಲ್ಲಿ ಹೆಂಗಸರು ಮಕ್ಕಳ ಹೆಸರಿನಿಂದಲೇ ಗುರುತು. "ಸಿಂಧು ಅಜ್ಜಿ ಅನ್ನಿ. ಕೆ.ಆರ್. ಪುರದ ಸಂತೆ ಮೈದಾನದ ಹಿಂದೆ ನಮ್ಮನೆ" ಎಂದೆ. ನಿನಗಾಗ ನಾಯಿಕೆಮ್ಮು, ಸಿಂಧು. ಕೆಮ್ಮಿ ಕೆಮ್ಮಿ ನೀಲಿಗಟ್ಟುತ್ತಿದ್ದೆ. ಅದನ್ನೂ ಹೇಳಿಕೊಂಡೆ. "ಕೆಮ್ಮಿಗೆ ಕೋಲುಜೇನು ಒಳ್ಳೇದು, ಸಿಕ್ರೆ ತಂದುಕೊಡ್ತೀನಮ್ಮಾ" ಎಂದ. ಹಾಗೆ ಹೇಳುವವರು ಬಹಳ ಜನ. ನಿಜವಾಗಿ ತರುತ್ತಾನೆಂದು ನಾನು ಎಣಿಸಿರಲಿಲ್ಲ.

ಆ ದಿನಗಳಲ್ಲಿ ನಮ್ಮ ಕಡೆ ಮಕ್ಕಳ ಕಳ್ಳರು ಬಂದಿದ್ದಾರೆಂಬ ಗುಲ್ಲು. ಶಾಲೆ ಬಿಡುವ ಹೊತ್ತಿಗೆ ಗಂಡಸರು ದೊಣ್ಣೆ ಹಿಡಿದು ನಿಲ್ಲುತ್ತಿದ್ದರು. ಅಂಥ ದಿನ, ಮಟಮಟ ಮಧ್ಯಾಹ್ನ, ಮುರುಗೇಶ ಜೇನಿನ ಬಾಟಲಿ ಹಿಡಿದು ಬಂದ. ಅವನಿಗೆ ಗೊತ್ತಿದ್ದ ಹೆಸರು ನಿನ್ನದೊಂದೇ. ಗೋಲಿ ಆಡುತ್ತಿದ್ದ ಮಕ್ಕಳನ್ನು ಕೇಳಿದ್ದಾನೆ — ಸಿಂಧು ಅನ್ನೋ ಪಾಪು ಮನೆ ಯಾವುದು ಅಂತ.

ಕೂಗು ಕೇಳಿ ನಾನು ಹೊರಗೆ ಬರುವಷ್ಟರಲ್ಲಿ ಅವನನ್ನು ನಮ್ಮ ಮನೆಯ ಮುಂದಕ್ಕೇ ಎಳೆದು ತಂದಿದ್ದರು. ಅಂಗಿ ಹರಿದಿತ್ತು. ಹುಬ್ಬು ಒಡೆದು ರಕ್ತ ಕಣ್ಣೊಳಗೆ ಇಳಿಯುತ್ತಿತ್ತು. ಬಾಟಲಿಯನ್ನು ಯಾರೋ ಕಿತ್ತು, "ಇದ್ರಲ್ಲಿ ಮತ್ತು ಬರೋ ಔಷ್ಧಿ ಇದೆ, ಮಕ್ಳಿಗೆ ಕುಡ್ಸೋಕೆ" ಎಂದು ನೆಲಕ್ಕೆ ಅಪ್ಪಳಿಸಿದ. ನಿಮ್ಮಪ್ಪ ಕೂದಲು ಹಿಡಿದಿದ್ದ.

"ನನ್ ಮಗಳ ಹೆಸರು ನಿನಗೆ ಹೆಂಗೋ ಗೊತ್ತು?"

"ಅವರಜ್ಜಿ ಹೇಳಿದ್ರು ಸಾರ್. ಅಜ್ಜೀನ ಕೇಳಿ."

"ಅಜ್ಜಿ ಹೆಸರೇನು ಹೇಳು ನೋಡಣ."

ನಾನು ಹೇಳಿದ್ದರೆ ತಾನೆ ಅವನು ಹೇಳುವುದು.

"ಹೆಸ್ರೇ ಗೊತ್ತಿಲ್ಲ, ಪರಿಚಯ ಅಂತೆ! ಎಲ್ಲಿ ಪರಿಚಯವೋ?"

"ಬೆಟ್ಟದಲ್ಲಿ ಸಾರ್... ಕೋಲಾರದ ಬೆಟ್ಟದಲ್ಲಿ."

ಗುಂಪಿಗೆ ಗುಂಪೇ ನಕ್ಕಿತು. "ಗುರೂ, ನಿಮ್ಮಮ್ಮ ಬೆಟ್ಟ ಹತ್ತೋಕೆ ಹೋಗ್ತಾರಂತೆ!" ನಿಮ್ಮಪ್ಪ ನನ್ನ ಕಡೆ ತಿರುಗಿದ. "ಅಮ್ಮಾ, ಇವನು ಗೊತ್ತಾ ನಿನಗೆ?"

ಬೀದಿಯೆಲ್ಲ ನನ್ನನ್ನೇ ನೋಡುತ್ತಿತ್ತು. ಭಜನೆಯ ಸುಳ್ಳು, ಒಬ್ಬಳೇ ಬಸ್ಸು ಹತ್ತಿದ್ದು, ಪರಗಂಡಸಿನ ಜೊತೆ ನಗುತ್ತ ಬೆಟ್ಟ ಇಳಿದದ್ದು — ಹೌದು ಅಂದರೆ ಎಲ್ಲ ಬಯಲು. ಮುರುಗೇಶ ಒಂದು ಕಣ್ಣಿನಲ್ಲಿ ನನ್ನನ್ನು ನೋಡುತ್ತಿದ್ದ, ಇನ್ನೊಂದು ಮುಚ್ಚಿಹೋಗಿತ್ತು. ಆ ನೋಟದಲ್ಲಿ ಗಾಬರಿ ಇರಲಿಲ್ಲ. ಈಗ ಅಜ್ಜಿ ಬಂದರಲ್ಲ, ಇನ್ನು ಬಿಡುತ್ತಾರೆ ಎಂಬ ನಂಬಿಕೆ ಇತ್ತು.

"ಇಲ್ಲಪ್ಪ. ಯಾರೋ, ಗೊತ್ತಿಲ್ಲ" ಎಂದೆ.

ಅಲ್ಲಿಯ ತನಕ ಬಿದ್ದದ್ದು ಏಟೇ ಅಲ್ಲ. ಹೊಟ್ಟೆಗೆ ಒದ್ದರು. ಬಿದ್ದವನ ಬೆನ್ನ ಮೇಲೆ ನಿಂತರು. ಹಲ್ಲು ಉಗುಳಿದ. "ಈ ಕೈಲೇ ಅಲ್ವಾ ಮಗು ಮುಟ್ಟೋಕೆ ಬಂದಿದ್ದು" ಎಂದು ಅವನ ಬಲಗೈಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಡಿಸಿ, ಸೌದೆಯಿಂದ ಹೊಡೆದರು. ಹೊಡೆದವನು ನಿಮ್ಮಪ್ಪ. ಆ ಶಬ್ದ — ಕಬ್ಬು ಮುರಿದ ಹಾಗೆ. ಮುರುಗೇಶ ಮತ್ತೆ ಅಜ್ಜಿಯ ಮಾತೆತ್ತಲಿಲ್ಲ. ಒಂದು ಸಲವೂ. ಪೊಲೀಸರು ಬಂದು ಜೀಪಿಗೆ ಎತ್ತಿ ಹಾಕುವಾಗ ಪ್ರಜ್ಞೆ ಇತ್ತೋ ಇಲ್ಲವೋ. ಸಂಜೆ ಆ ಕಲ್ಲನ್ನು ತೊಳೆದವಳು ನಾನೇ. ನೆಲದ ಮೇಲಿನ ಜೇನಿಗೂ ರಕ್ತಕ್ಕೂ ಒಟ್ಟಿಗೇ ಇರುವೆ ಮುತ್ತಿತ್ತು.

ಪೊಲೀಸರು ವಿಚಾರಿಸಿ ಅವನನ್ನು ಬಿಟ್ಟರಂತೆ. ನಮ್ಮ ಬೀದಿಯಲ್ಲಿ ಆ ಸುದ್ದಿಯನ್ನು ಯಾರೂ ನಂಬಲಿಲ್ಲ. ಲಂಚ ಕೊಟ್ಟು ಬಂದ ಎಂದರು.

ಸ್ವಲ್ಪ ಕಾಲ ಕಳೆದು ಹಲಸೂರಿಗೆ ಹೋದೆ. ಆ ಸಲ ನಿಜವಾಗಿ ಹಲಸೂರಿಗೇ. ಅಂಗಡಿ ಸಿಕ್ಕಿತು. ಅವನು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ. ಬೆರಳುಗಳು ಒಂದೊಂದು ಒಂದೊಂದು ದಿಕ್ಕಿಗೆ ಸೊಟ್ಟಗೆ ಕೂಡಿಕೊಂಡಿದ್ದವು. ಮಷೀನು ತುಳಿಯುತ್ತಿದ್ದದ್ದು ಅವನ ಹೆಂಡತಿ. "ಏನ್ ಬೇಕಮ್ಮಾ?" ಎಂದು ಕೇಳಿದಳು. ನಾನು ಅವನ ಕೈಯನ್ನೇ ನೋಡುತ್ತ ನಿಂತೆ. ಅವಳು ಗಂಡನ ಕಡೆ ನೋಡಿ, ಯಾರಿವರು ಎಂದು ತಮಿಳಿನಲ್ಲಿ ಕೇಳಿದಳು. ಅವನು ನನ್ನ ಮುಖವನ್ನು ಚೆನ್ನಾಗಿಯೇ ನೋಡಿದ. "ಗೊತ್ತಿಲ್ಲ" ಎಂದ — ಕನ್ನಡದಲ್ಲಿ, ನನಗೆ ತಿಳಿಯಲೆಂದು.

ಆಮೇಲೆ ನಾನು ಯಾವ ಬೆಟ್ಟವನ್ನೂ ಹತ್ತಲಿಲ್ಲ. ಮತ್ತೆ ಹಲಸೂರಿಗೂ ಹೋಗಲಿಲ್ಲ. ಕ್ಷಮಿಸಿ ಎನ್ನಲು ಎರಡು ಬಸ್ಸಿನ ದಾರಿ. ಇಷ್ಟು ವರ್ಷ ಅಷ್ಟು ದೂರವೂ ಹೋಗಲಿಲ್ಲ.

ನಿಮ್ಮಪ್ಪನನ್ನು ದೂರಬೇಡಿ ಎಂದು ಬರೆಯಲು ಕೂತೆ — ಬರೆಯಲಾರೆ. ಅದನ್ನು ನೀವೇ ತೀರ್ಮಾನಿಸಿ. ಅವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು ಎಂಬುದಷ್ಟೇ ನಾನು ಹೇಳಬಲ್ಲೆ. ಈ ಭಾನುವಾರ ಅವನನ್ನು ಕೂರಿಸಿಕೊಂಡು ಇದನ್ನು ಓದಿ ಹೇಳುತ್ತೇನೆ. ಆಮೇಲೆ ಹಲಸೂರಿಗೆ ಹೋಗುತ್ತೇನೆ. ಮುರುಗೇಶ ಇದ್ದರೆ ಅವನ ಹೆಂಡತಿಯ ಎದುರಿಗೇ ನನ್ನ ಹೆಸರು ಹೇಳುತ್ತೇನೆ.

ನಿಮ್ಮಪ್ಪ ಸಿಟ್ಟಿನಲ್ಲಿ ಈ ಹಾಳೆಗಳನ್ನು ಹರಿದಾನು. ಅದಕ್ಕೇ ಮೊದಲು ನಿಮ್ಮ ಕೈಗೆ ಕೊಡುತ್ತಿದ್ದೇನೆ. ಜೋಪಾನವಾಗಿಡಿ ಮಕ್ಕಳೇ. ನಾನಿಲ್ಲದ ಮೇಲೆ ಮನೆಯಲ್ಲಿ ಯಾರಾದರೂ ಕಳ್ಳನ ಕಥೆ ತೆಗೆದರೆ, ಇವನ್ನು ತೆಗೆದು ಜೋರಾಗಿ ಓದಿ.