ಬೇಸ್ ಗಿಟಾರಿನವರ ಹೆಸರು

ಎರಡು ವರ್ಷದ ಹಿಂದೆ, ಪುತ್ತೂರಿನ ನನ್ನ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಒಂದು ಹಿಪ್ ಹಾಪ್ ಆಲ್ಬಮ್ಮಿನ ಕೆಲಸ ನಡೆಯುತ್ತಿತ್ತು. ಸುಳ್ಯ, ಕಡಬದ ಮೂವರ ತಂಡ. ಪದ ಬರೆದು ಹೇಳುತ್ತಿದ್ದವಳು ದಿವ್ಯಾ. ಮೂವರಿಗೂ ಫಂಕ್ ಸಂಗೀತದ ಹುಚ್ಚು. ಫಂಕ್‌ನಲ್ಲಿ ರಾಗಕ್ಕಿಂತ ತಾಳ ಮುಖ್ಯ. ಹಾಡನ್ನು ಹೊತ್ತು ನಡೆಯುವುದು ಬೇಸ್ ಗಿಟಾರ್.

ಅಂಥದ್ದೇನಾದರೂ ಇದೆಯೇ ಎಂದು ದಿವ್ಯಾ ಕೇಳಿದಾಗ, ಹಿಂದೆ ನಾನೇ ಧ್ವನಿಮುದ್ರಿಸಿದ್ದ ಆರ್ಕೆಸ್ಟ್ರಾ ಕ್ಯಾಸೆಟ್ಟೊಂದನ್ನು ಕೊಟ್ಟೆ. ಅದರ ಬೇಸ್ ತುಣುಕನ್ನು ಕತ್ತರಿಸಿ, ವೇಗ ಹೆಚ್ಚಿಸಿ, ಹೊಸ ಹಾಡಿನುದ್ದಕ್ಕೂ ಮರಳಿ ಮರಳಿ ಬರುವಂತೆ ಜೋಡಿಸಿದೆವು. ಇದಕ್ಕೆ ಸ್ಯಾಂಪಲ್ ಎನ್ನುತ್ತಾರೆ. ನುಡಿಸಿದವರನ್ನು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಆ ಒಂದು ಹಾಡನ್ನು ಆಲ್ಬಮ್ಮಿಗಿಂತ ಮೊದಲೇ ಇಂಟರ್‌ನೆಟ್ಟಿಗೆ ಹಾಕಿದರು. ನಾಲ್ಕನೆಯ ದಿನ ಬೆಳಿಗ್ಗೆ ಉಪ್ಪಿನಂಗಡಿಯ ಶೇಖರಣ್ಣ ಸ್ಟುಡಿಯೋದ ಬಾಗಿಲು ತಳ್ಳಿಕೊಂಡು ಬಂದರು. ಆ ಕ್ಯಾಸೆಟ್ಟಿನಲ್ಲಿ ಬೇಸ್ ನುಡಿಸಿದ್ದವರು ಅವರೇ. ಕಡಬಕ್ಕೆ ಹೋಗುವ ಬಾಡಿಗೆ ಜೀಪಿನಲ್ಲಿ ಯಾರದೋ ಮೊಬೈಲಿನಲ್ಲಿ ಹಾಡು ಕೇಳಿದ್ದರಂತೆ.

"ಇದು ಯಾರ ಕೈ ಅಂತ ಗೊತ್ತುಂಟಾ ನಿಮಗೆ?"

"ಕೂತ್ಕೊಳ್ಳಿ ಶೇಖರಣ್ಣ," ಎಂದೆ.

"ಕೂರುದೆಂತ ಮಾರಾಯ್ರೆ! ಕದ್ದದ್ದಲ್ಲದೆ ಕುಲಗೆಡಿಸಿದ್ದೀರಿ."

ಅಲ್ಲೇ ಇದ್ದ ದಿವ್ಯಾಳಿಗೂ ಸಿಟ್ಟು ಬಂತು. "ಕದ್ದದ್ದಲ್ಲ. ಕ್ಯಾಸೆಟ್ಟಲ್ಲಿ ನಿಮ್ಮ ಹೆಸರೇ ಇರ್ಲಿಲ್ಲ."

ಅವರು ನನ್ನತ್ತ ಬೆರಳು ಮಾಡಿದರು. "ಹೆಸರು ಹಾಕದೆ ಬಿಟ್ಟದ್ದು ಇವ್ರು. ಕೇಳು."

ನಿಜ. ಕ್ಯಾಸೆಟ್ಟಿನ ಹೊದಿಕೆಯಲ್ಲಿ ಗಾಯಕರ ಹೆಸರಿತ್ತು, ನನ್ನ ಹೆಸರೂ ದಪ್ಪಕ್ಷರದಲ್ಲಿತ್ತು. ವಾದ್ಯದವರಿಗೆ ಜಾಗ ಸಾಲಲಿಲ್ಲವೆಂದು ಅಂದು ಸುಲಭವಾಗಿ ಹೇಳಿದ್ದೆ. ಅವರು ಬಾಗಿಲನ್ನು ಬಡಿದು ಹೊರಟುಹೋದರು.

ದಿವ್ಯಾ ಆವತ್ತೇ ಹಾಡನ್ನು ಇಂಟರ್‌ನೆಟ್ಟಿನಿಂದ ತೆಗೆದಳು. "ನುಡಿಸಿದ್ದು ಯಾರು ಅಂತ ನಿಮಗೆ ಗೊತ್ತಿತ್ತಲ್ಲ ಸರ್," ಎಂದಳು. ನಾನು ಕ್ಷಮೆ ಕೇಳಲು ಉಪ್ಪಿನಂಗಡಿಗೆ ಹೋದೆ. ಶೇಖರಣ್ಣ ಜಗಲಿಯಿಂದಲೇ ವಾಪಸು ಕಳಿಸಿದರು. ಮರುದಿನ ದಿವ್ಯಾ ಒಬ್ಬಳೇ ಹೋದಳು. ಹಾಡನ್ನು ಆಲ್ಬಮ್ಮಿನಿಂದಲೇ ಕೈಬಿಡುತ್ತೇವೆಂದು ಹೇಳಿ ಬಂದಳಂತೆ.

ಮುಂದಿನ ವಾರ ಶೇಖರಣ್ಣ ಬೇಸ್ ಗಿಟಾರ್ ಹಿಡಿದು ತಾವಾಗಿಯೇ ಬಂದರು. "ಹಾಕುದಾದ್ರೆ ಸರಿಯಾಗಿ ಹಾಕಿ. ಅಷ್ಟು ಓಡಿಸುದಲ್ಲ ಅದನ್ನು."

ಹೆಬ್ಬೆರಳಿನಿಂದ ತಂತಿಯನ್ನು ಹೊಡೆದು, ಮರುಕ್ಷಣವೇ ಒತ್ತಿ ಸದ್ದಡಗಿಸಿದರು. ವೇಗ ಹೆಚ್ಚಿಸಿ ನಾವು ನುಂಗಿಹಾಕಿದ್ದ ಆ ಬಿಡುವುಗಳಲ್ಲಿ ದಿವ್ಯಾಳ ಮಾತುಗಳು ಸಲೀಸಾಗಿ ಕುಳಿತವು. ಒಂದೇ ಸಲ ನುಡಿಸಿದರು. ಅದೇ ಆಲ್ಬಮ್ಮಿಗೆ ಹೋಯಿತು. ಅವಳು ಕ್ಷಮೆ ಕೇಳಹೋದಾಗ, "ನಿನ್ನದೆಂತ ತಪ್ಪಿಲ್ಲ ಮಗಾ," ಎಂದರು. ನನ್ನ ಮುಖವನ್ನು ನೋಡಲಿಲ್ಲ. ನಾನು ಚಾಚಿದ ಕೈ ಹಾಗೆಯೇ ಉಳಿಯಿತು.

ಈಗ ಮೈಕ್ ಆನ್ ಮಾಡುವ ಮೊದಲು ನುಡಿಸುವವರೆಲ್ಲರ ಹೆಸರು ಬರೆದುಕೊಳ್ಳುತ್ತೇನೆ. ಇಷ್ಟು ವರ್ಷ ಕಿವಿಯನ್ನೇ ನಂಬಿ ಬದುಕಿದವನು ನಾನು; ಕೇಳಿಸಿಕೊಂಡದ್ದೆಲ್ಲ ಯಾರೋ ಒಬ್ಬರ ದುಡಿಮೆ ಎಂಬುದನ್ನು ಈ ಕೆಲಸ ನನಗೆ ತಡವಾಗಿ ಕಲಿಸಿತು. ಶೇಖರಣ್ಣ ಇವತ್ತಿಗೂ ಬಸ್ ನಿಲ್ದಾಣದಲ್ಲಿ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ.