ನೂರು ರೂಪಾಯಿಯ ಸದಸ್ಯತ್ವ

ಕುದುರೆ ಸವಾರಿ ಕ್ರೀಡೆಯ ಬಗ್ಗೆ ಬರೆಯುವವರು ಸವಾರರನ್ನು ಹೊಗಳುತ್ತಾರೆ, ಕುದುರೆಗಳನ್ನು ಇನ್ನೂ ಹೆಚ್ಚು ಹೊಗಳುತ್ತಾರೆ. ಸದಸ್ಯತ್ವ ಶುಲ್ಕದ ಪಟ್ಟಿ ಬರೆದವರನ್ನು ಯಾರೂ ಹೊಗಳಿದ್ದನ್ನು ನಾನು ಕಂಡಿಲ್ಲ. ಆದರೆ ನಾಸಿಕದ ಗೋದಾತೀರ ಅಶ್ವಾರೋಹಿ ಸಂಘದಲ್ಲಿ ಮೂವತ್ತೊಂದು ವರ್ಷ ದುಡಿದು, ವ್ಯವಸ್ಥಾಪಕರಾಗಿ ನಿವೃತ್ತರಾಗುತ್ತಿರುವ ಮಾನ್ಯ ವಿಶ್ವನಾಥಪ್ಪನವರು ಅಂಥದೊಂದು ಪಟ್ಟಿಯಿಂದಲೇ ಈ ಕ್ರೀಡೆಯನ್ನು ನಮ್ಮಂಥವರ ಕೈಗೆ ಎಟುಕಿಸಿದರು.

ಬೀದರ್ ಜಿಲ್ಲೆಯ ಭಾಲ್ಕಿಯಿಂದ ೧೯೯೪ರಲ್ಲಿ ಗುಮಾಸ್ತರಾಗಿ ಬಂದ ಅವರೇ ಸಂಘದ ಮೊದಲ ಶುಲ್ಕಪಟ್ಟಿಯನ್ನು ಸಿದ್ಧಪಡಿಸಿದರು. ಅದರಲ್ಲಿ ಆಜೀವ, ಸಾಮಾನ್ಯ, ಕುಟುಂಬ ಎಂಬ ಮೂರೇ ವರ್ಗಗಳಿದ್ದವು. ಸಂಘ ಹೊಸ ಲಾಯ ಕಟ್ಟಿಸುವಾಗ ಆಳಂದದ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ನನ್ನ ಅಪ್ಪ ರೇವಪ್ಪ, ಗೋಡೆ ಎದ್ದ ಮೇಲೆ ಅದೇ ಲಾಯದ ಕುದುರೆಗಳನ್ನು ನೋಡಿಕೊಳ್ಳುತ್ತ ಅಲ್ಲಿಯೇ ಉಳಿದರು. ನಾನು ಬೆಳೆದದ್ದು ಅಲ್ಲಿಯೇ, ಕುದುರೆ ಹತ್ತಿ ತಡೆಗಳನ್ನು ಜಿಗಿಯಲು ಕಲಿತದ್ದೂ ಅಲ್ಲಿಯೇ.

೨೦೧೧ರಲ್ಲಿ, ಇಂದು ಛತ್ರಪತಿ ಸಂಭಾಜಿನಗರವಾಗಿರುವ ಊರಿನಲ್ಲಿ ನಡೆಯಲಿದ್ದ ಸ್ಪರ್ಧೆಗೆ ತರಬೇತುದಾರರು ನನ್ನ ಹೆಸರು ಸೂಚಿಸಿದರು. ಸಂಘದ ಸದಸ್ಯರಲ್ಲದವರಿಗೆ ಸ್ಪರ್ಧೆಗೆ ಹೋಗಲು ಅವಕಾಶವಿರಲಿಲ್ಲ. ಸದಸ್ಯತ್ವದ ಪ್ರವೇಶ ಶುಲ್ಕ ಇಪ್ಪತ್ತು ಸಾವಿರ, ಅಪ್ಪನ ತಿಂಗಳ ಪಗಾರ ಏಳು ಸಾವಿರ. ಸಮಿತಿಯವರು ಆ ವರ್ಷದ ಮಟ್ಟಿಗೆ ಶುಲ್ಕ ಮಾಫಿ ಮಾಡಲು ಒಪ್ಪಿದ್ದರು. ನಿಯಮದಲ್ಲಿ ಮಾಫಿ ಎಂಬುದಿಲ್ಲವೆಂದು ಕಡತವನ್ನು ತಡೆದವರು ವಿಶ್ವನಾಥಪ್ಪನವರು. ನಾನು ಪಳಗಿಸಿದ ಕುದುರೆ ಬೇರೆ ಸವಾರನಿಗಾಗಿ ಲಾರಿ ಹತ್ತಿ ಯೇವಲಾ ಮಾರ್ಗವಾಗಿ ಸ್ಪರ್ಧೆಯ ಊರಿನ ದಾರಿ ಹಿಡಿಯಿತು. ಅವರು ಎದುರಾದರೆ ನಾನು ಮುಖ ತಿರುಗಿಸತೊಡಗಿದೆ.

ಒಂದು ಸಂಜೆ ಅವರೇ ನಮ್ಮ ಖೋಲಿಗೆ ಬಂದು ಕುಳಿತರು. "ಮಾಫಿ ಕೊಟ್ಟೋರ ಮುಂದ ನಿಮ್ಮಪ್ಪ ವರ್ಷಾ ವರ್ಷಾ ಕೈ ಮುಗಿದು ನಿಲ್ಲಬೇಕಾಗ್ತದವ್ವ," ಎಂದರು. "ನಿಯಮದಾಗ ಬಂತಂದ್ರ ಯಾರ ಮುಂದೂ ನಿಲ್ಲೋದು ಬ್ಯಾಡ. ಒಂದು ವರ್ಷ ಟೈಮ್ ಕೊಡು ನನಗ."

ಹದಿನೈದರ ಹುಡುಗಿಗೆ ಒಂದು ವರ್ಷವೆಂದರೆ ಸಣ್ಣ ಮಾತಲ್ಲ. ಆ ವರ್ಷ ಹೋದದ್ದಕ್ಕೆ ನನಗಿನ್ನೂ ತುಸು ಸಿಟ್ಟಿದೆ. ಅಭಿನಂದನ ಗ್ರಂಥದಲ್ಲಿ ಹೀಗೆ ಬರೆಯಬಾರದೇನೋ. ಆದರೆ ಸುಳ್ಳು ಬರೆದರೆ ಅವರೇ ಕೆಂಪು ಶಾಯಿಯಲ್ಲಿ ತಿದ್ದಿಯಾರು.

ಅವರು ಮಾತು ತಪ್ಪಲಿಲ್ಲ. ಬೇರೆ ಊರುಗಳ ಸಂಘಗಳಿಗೆ ಪತ್ರ ಬರೆದು ಅವುಗಳ ಶುಲ್ಕಪಟ್ಟಿ ತರಿಸಿದರು. ಒಬ್ಬೊಬ್ಬ ಸದಸ್ಯರ ಮನೆಗೂ ಹೋಗಿ ಚಹಾ ಕುಡಿದು ಒಪ್ಪಿಸಿದರು. ಮರುವರ್ಷದ ವಾರ್ಷಿಕ ಸಭೆಯಲ್ಲಿ 'ಸವಾರ ಸದಸ್ಯತ್ವ' ಎಂಬ ನಾಲ್ಕನೆಯ ವರ್ಗವನ್ನು ಮಂಡಿಸಿದರು: ಪ್ರವೇಶ ಶುಲ್ಕವಿಲ್ಲ, ತಿಂಗಳಿಗೆ ನೂರು ರೂಪಾಯಿ, ಭಾನುವಾರ ಲಾಯದಲ್ಲಿ ಎರಡು ತಾಸು ಕೆಲಸ, ಎಲ್ಲರಂತೆ ಒಂದು ಮತ. ಇಪ್ಪತ್ತು ಸಾವಿರ ಕೊಟ್ಟವರಿಗೂ ನೂರು ಕೊಟ್ಟವರಿಗೂ ಒಂದೇ ಮತವೇ ಎಂದು ಹಿರಿಯರೊಬ್ಬರು ಕೇಳಿದಾಗ, ಕುದುರೆ ಕೆಡವುವಾಗ ಯಾರ ಪಾವತಿ ಚೀಟಿಯನ್ನೂ ನೋಡುವುದಿಲ್ಲವೆಂದು ಮರಾಠಿಯಲ್ಲಿ ಹೇಳಿ ಸಭೆಯನ್ನು ನಗಿಸಿದರು. ಬಳಿಕ, ಹಳೆಯ ಪಟ್ಟಿಯನ್ನು ಬರೆದವನು ತಾನೇ ಎಂದೂ, ಕುದುರೆ ಇದ್ದವರನ್ನು ಅದರಲ್ಲಿ ಬರೆದು ಕುದುರೆ ಸಾಕುವವರನ್ನು ಮರೆತದ್ದು ತನ್ನದೇ ತಪ್ಪೆಂದೂ ತಲೆತಗ್ಗಿಸಿ ಒಪ್ಪಿಕೊಂಡರು. ಪ್ರಸ್ತಾವ ಅವಿರೋಧವಾಗಿ ಅಂಗೀಕಾರವಾಯಿತು.

ಆ ವರ್ಷ ಅವರ ಪತ್ನಿ ಸುಶೀಲಾಬಾಯಿಯವರು ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಹಿಡಿದು ನಾನು ಸ್ಪರ್ಧೆಗೆ ಹೋದೆ. ಬಂದದ್ದು ನಾಲ್ಕನೆಯ ಸ್ಥಾನ. ಇಂದು ಸಂಭಾಜಿನಗರದ ನಮ್ಮ ಶಾಖೆಯಲ್ಲಿ ನಾನೇ ತರಬೇತುದಾರಳು, ಸಂಘದ ಸಹಕಾರ್ಯದರ್ಶಿಯೂ ಹೌದು. ನಾಲ್ಕನೆಯ ವರ್ಗದಲ್ಲೀಗ ನಲವತ್ತಮೂರು ಜನರಿದ್ದಾರೆ. ಅವರಲ್ಲಿ ನನ್ನ ಅಪ್ಪನೂ ಒಬ್ಬರು.

ನಿವೃತ್ತಿಯ ಗೌರವಾರ್ಥ ಸಮಿತಿ ವಿಶ್ವನಾಥಪ್ಪನವರಿಗೆ ಉಚಿತ ಆಜೀವ ಸದಸ್ಯತ್ವ ಕೊಡಲು ಮುಂದಾಯಿತು. ಅವರು ಕೈಮುಗಿದು ಬೇಡವೆಂದರು. ಕಳೆದ ವಾರ ಅವರ ಅರ್ಜಿ ನನ್ನ ಮೇಜಿಗೆ ಬಂತು: ಸವಾರ ಸದಸ್ಯತ್ವಕ್ಕೆ, ಮೊದಲ ತಿಂಗಳ ನೂರು ರೂಪಾಯಿ ಸಹಿತ. ಯಾವುದೇ ಅರ್ಜಿಗೆ ಹಳೆಯ ಸದಸ್ಯರೊಬ್ಬರು ಶಿಫಾರಸು ಮಾಡಬೇಕು. ಆ ಜಾಗದಲ್ಲಿ ನನ್ನ ಅಪ್ಪನ ಸಹಿಯಿತ್ತು. ಅದನ್ನು ಕಂಡು ನಾನು ಅತ್ತೆ.

ಪೂಜ್ಯರಿಗೆ ದೇವರು ನೂರು ವರ್ಷ ಆಯುಷ್ಯ, ಗಟ್ಟಿ ಮೊಣಕಾಲು ಕೊಡಲಿ, ಸಭೆಗಳಲ್ಲಿ ಅವರ ಪ್ರಶ್ನೆಗಳು ನಮ್ಮನ್ನು ಎಂದಿನಂತೆ ಕಾಡುತ್ತಿರಲಿ. ಅರ್ಜಿ ಮಂಜೂರಾಗಿದೆ. ಭಾನುವಾರ ಬೆಳಿಗ್ಗೆ ಆರಕ್ಕೆ ಲಾಯಕ್ಕೆ ಬಂದರೆ, ಅರವತ್ತರ ಈ ಹೊಸ ಸವಾರರನ್ನು ಅಪ್ಪ ತಾವೇ ಲಗಾಮು ಹಿಡಿದು ಕುದುರೆ ಹತ್ತಿಸುತ್ತಾರೆ.

ಮಹಾಲಕ್ಷ್ಮಿ ರೇವಪ್ಪ